ಮಗಳಿಗೊಂದು ಪತ್ರ: ನೀನು ಕೇಳಿದ ಪುಸ್ತಕಗಳ ಪಟ್ಟಿ

ಪ್ರೀತಿಯ ಪುಟ್ಟಿ,

ಈ ವರ್ಷ ಏನೇನು ಓದಿದೆ, ಪಟ್ಟಿ ಕಳಿಸಮ್ಮ ಅಂದಿದ್ದೆ. ಬರೀ ಹೆಸರು ಬರೆದು ಮೆಸೇಜ್ ಮಾಡಿದ್ದರೆ ಸಾಕಿತ್ತು. ಆದರೆ ಒಂದೊಂದು ಹೆಸರಿನ ಪಕ್ಕದಲ್ಲೂ ಒಂದು ಮಾತು ಸೇರಿಸೋಣ ಅನ್ನಿಸಿತು. ಒಂದು ಮಾತು ಹೋಗಿ ಹತ್ತಾಯಿತು. ಹಾಗಾಗಿ ಈ ಕಾಗದ. ಓದಿದ ಕ್ರಮದಲ್ಲೇನೂ ಬರೆದಿಲ್ಲ, ನೆನಪಾದ ಹಾಗೆ ಬರೆಯುತ್ತಾ ಹೋಗಿದ್ದೇನೆ. ಒಂದೆರಡು ಕಡೆ ನಿನ್ನ ಜೊತೆ ಜಗಳವೂ ಇದೆ.

ವರ್ಷದ ಮೊದಲರ್ಧವನ್ನೆಲ್ಲ 'ಮಲೆಗಳಲ್ಲಿ ಮದುಮಗಳು' ನುಂಗಿಹಾಕಿತು. 1967ರ ಪುಸ್ತಕ, ಏಳುನೂರು ಪುಟದ ಆಸುಪಾಸು. ಮೊದಲ ನೂರು ಪುಟ ಯಾರು ಯಾವ ಮನೆಯವರು, ಯಾವ ಮನೆಗೂ ಯಾವ ಮನೆಗೂ ಆಗಿಬರುವುದಿಲ್ಲ ಅನ್ನುವುದೇ ತಲೆಗೆ ಹತ್ತಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದುಕೊಂಡು ಮನೆಗಳ ಹೆಸರು ಬರೆದೆ. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ. ಒಂದೊಂದರ ಕೆಳಗೂ ಅಲ್ಲಿಯ ಜನ, ಅಲ್ಲಿಯ ಆಳುಗಳು. ಆಮೇಲೆ ಓದು ಸಲೀಸಾಯಿತು. ಹಾಳೆ ಪುಸ್ತಕದೊಳಗೇ ಇದೆ, ನೀನು ಓದುವಾಗ ಬೇಕಾಗುತ್ತದೆ, ತೆಗೆದು ಬಿಸಾಡಬೇಡ.

ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲಿಗೇ ಹೇಳಿಬಿಡುತ್ತಾರೆ. ಆ ಮಾತನ್ನು ಭಾಷಣಗಳಲ್ಲಿ ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. ಆದರೆ ಏಳುನೂರು ಪುಟ ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಓದಿದಾಗಲೇ ಗೊತ್ತಾಗುವುದು. ಒಲ್ಲದ ಮದುವೆ ತಪ್ಪಿಸಿಕೊಳ್ಳಲು ರಾತ್ರೋರಾತ್ರಿ ಕಾಡು ಹತ್ತುವ ಚಿನ್ನಮ್ಮ ಎಷ್ಟು ಮುಖ್ಯವೋ ಅವಳ ಬೆಂಬಲಕ್ಕೆ ನಿಲ್ಲುವ ಪೀಂಚಲು ಕೂಡ ಅಷ್ಟೇ ಮುಖ್ಯ. ನನಗೆ ಕೇಳಿದರೆ ಧೈರ್ಯ ಪೀಂಚಲುವಿನದೇ ಒಂದು ಕೈ ಜಾಸ್ತಿ. ಇನ್ನು ಗುತ್ತಿಯ ನಾಯಿ ಹುಲಿಯ. ತುಂಗೆಯ ನೆರೆಯಲ್ಲಿ ಅದು ಕೊಚ್ಚಿಹೋದಾಗ ಪುಸ್ತಕ ಮಡಿಚಿಟ್ಟು ಎದ್ದುಹೋದೆ. ಅಷ್ಟು ಜನ ಮನುಷ್ಯರಿಗೆ ಅಳದವಳು ನಾಯಿಗೆ ಅತ್ತೆಯಾ ಅಂತ ನಿಮ್ಮಪ್ಪ ರೇಗಿಸಿದರು. ಅವರು ಪುಸ್ತಕ ಓದಿಲ್ಲ, ಅವರ ಮಾತು ಲೆಕ್ಕಕ್ಕಿಲ್ಲ.

ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಸುದ್ದಿ ಬಂತಲ್ಲ, ಆಗ 'ಗೃಹಭಂಗ' ಮತ್ತೆ ಕೈಗೆ ಬಂತು. 1970ರಲ್ಲಿ ಬಂದ ಕಾದಂಬರಿ. ನಾನು ಮೊದಲು ಓದಿದಾಗ ನಿನಗಿಂತ ಚಿಕ್ಕವಳು. ಆಗ ನಂಜಮ್ಮನನ್ನು ಕಂಡು ಕೈಮುಗಿಯಬೇಕು ಅನ್ನಿಸಿತ್ತು. ಈ ಸಲ ಸಿಟ್ಟು ಬಂತು ಕಣೇ. ಶಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವವಳು ಇವಳು. ಎಲೆ ಹಚ್ಚಿ ಕಾಸು ಕೂಡಿಸುವವಳೂ ಇವಳೇ. ಗಂಡ ಚೆನ್ನಿಗರಾಯನಿಗೆ ಎಲೆ ಮುಂದೆ ಕೂರುವುದು ಬಿಟ್ಟರೆ ಬೇರೆ ಧ್ಯಾನವಿಲ್ಲ. ಅತ್ತೆ ಗಂಗಮ್ಮನ ಬಾಯಿಂದ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ. ಚೆನ್ನಿಗರಾಯ ಊಟ ಮಾಡುವ ಭಾಗಗಳನ್ನು ಭೈರಪ್ಪ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ಮನೆಯಲ್ಲಿ ಮಕ್ಕಳಿಗೆ ಏನೂ ಉಳಿಯದ ಹಾಗೆ ಅವನು ತಿನ್ನುವಾಗ ಎಲೆ ಎಳೆದುಬಿಡೋಣ ಅನ್ನಿಸುತ್ತದೆ.

ಪ್ಲೇಗು ಬಂದು ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಒಟ್ಟೊಟ್ಟಿಗೆ ಎತ್ತಿಕೊಂಡು ಹೋಗುವ ಜಾಗದಲ್ಲಿ ಓದು ನಿಂತುಹೋಯಿತು. ಮುಂದಕ್ಕೆ ಹೋಗಲು ಕೆಲವು ದಿನ ಬೇಕಾಯಿತು. ಸುಮ್ನೆ ಕಣ್ಣೀರು ತರಿಸಲು ಬರೆದದ್ದಲ್ಲ ಅದು. ಭೈರಪ್ಪನವರು ಚಿಕ್ಕ ಹುಡುಗನಾಗಿದ್ದಾಗ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ನಂಜಮ್ಮ ಎಲ್ಲಿಂದ ಬಂದಳು ಅಂತ ಗೊತ್ತಾಗುತ್ತದೆ. ಅದಕ್ಕೇ ಇರಬೇಕು, ಸಾವನ್ನು ಬರೆಯುವಾಗ ಅವರು ಒಂದು ಶಬ್ದವನ್ನೂ ಹೆಚ್ಚಿಗೆ ಬಳಸುವುದಿಲ್ಲ.

ಹಾಗಾದರೆ ಸಿಟ್ಟು ಯಾರ ಮೇಲೆ? ನಂಜಮ್ಮನನ್ನು ಆದರ್ಶ ಗೃಹಿಣಿ, ತ್ಯಾಗಮಯಿ ಅಂತೆಲ್ಲ ಹೊಗಳುವವರ ಮೇಲೆ. ಅವಳನ್ನು ಪೂಜೆ ಮಾಡಿ ಅಂತ ಪುಸ್ತಕ ಎಲ್ಲೂ ಹೇಳುವುದಿಲ್ಲ. ಅವಳ ಮೈ, ಅವಳ ಬುದ್ಧಿ, ಅವಳ ಅಕ್ಷರ ಎಲ್ಲವನ್ನೂ ಆ ಮನೆ ಹೇಗೆ ತಿಂದುಹಾಕಿತು ಅಂತ ಲೆಕ್ಕ ಇಡುವ ಪುಸ್ತಕ ಅದು. ಆ ಲೆಕ್ಕ ನೋಡಿ 'ಆಹಾ ಎಂಥ ಸಹನೆ' ಅನ್ನುವುದು ಹೇಗೆ?

ಆ ಸಿಟ್ಟಿನಲ್ಲೇ ಇದ್ದಾಗ 'ಒಡಲಾಳ' ಓದಿದ್ದು ಒಳ್ಳೆಯದಾಯಿತು. ದೇವನೂರ ಮಹಾದೇವ ಬರೆದದ್ದೇ ಕಡಿಮೆ, ಇದಂತೂ ಒಂದೇ ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಬೀದಿ ಬೀದಿ ಅಲೆದು ಹುಡುಕುತ್ತಾಳೆ, ಬೈಯುತ್ತಾಳೆ, ಮಕ್ಕಳ ಜೊತೆ ಸೊಸೆಯರ ಜೊತೆ ಜಗಳ ಆಡುತ್ತಾಳೆ. ಅವಳಿಗೂ ಕಷ್ಟ ಏನು ಕಮ್ಮಿ ಇಲ್ಲ. ನಂಜಮ್ಮನಿಗೆ ಇಲ್ಲದ ಒಂದು ಇವಳಿಗಿದೆ ನೋಡು, ಬಾಯಿ. ಇಲ್ಲಿ ಯಾರೂ ನೋವನ್ನು ಒಳಗೆ ಇಟ್ಟುಕೊಂಡು ಕೊರಗುವುದಿಲ್ಲ.

ಅದರಲ್ಲಿ ಕಳ್ಳೇಕಾಯಿಯ ರಾತ್ರಿ ಇದೆ. ಸಾಹುಕಾರನ ಕಡೆಯಿಂದ ಕದ್ದು ತಂದ ಒಂದು ಮೂಟೆ ಕಳ್ಳೇಕಾಯಿ. ಮನೆಮಂದಿ ಎಲ್ಲ ಒಲೆಯ ಬೆಂಕಿಯ ಸುತ್ತ ಕೂರುತ್ತಾರೆ. ಮಕ್ಕಳು, ದೊಡ್ಡವರು, ಮುದುಕಿ ಎಲ್ಲ. ಸಿಪ್ಪೆ ಸುಲಿಯುವುದು, ಬಾಯಿಗೆ ಹಾಕಿಕೊಳ್ಳುವುದು, ಸಿಪ್ಪೆಯನ್ನು ಬೆಂಕಿಗೆ ಎಸೆಯುವುದು. ಸಿಪ್ಪೆ ಉರಿದಷ್ಟೂ ಬೆಳಕು, ಬೆಳಕಾದಷ್ಟೂ ತಿನ್ನುವ ಹುಮ್ಮಸ್ಸು. ಬೆಳಗ್ಗೆ ಪೊಲೀಸರು ಬಂದು ಹುಡುಕಿದರೆ ಕಳ್ಳತನದ ಗುರುತೇ ಇಲ್ಲ! ಹೊಟ್ಟೆ ತುಂಬಿದ ಒಂದೇ ಒಂದು ರಾತ್ರಿಯನ್ನು ಹಬ್ಬದ ಹಾಗೆ ಬರೆದಿದ್ದಾರೆ. ಹಸಿವು ಅನ್ನುವ ಶಬ್ದವನ್ನು ಒತ್ತಿ ಒತ್ತಿ ಹೇಳುವ ನೂರು ಕತೆಗಳಿಗಿಂತ ಇದೇ ಜಾಸ್ತಿ ತಟ್ಟಿತು. ಭಾಷೆ ಮೊದಲು ಸ್ವಲ್ಪ ತೊಡಕು. ಜೋರಾಗಿ ಓದಿಕೋ, ಬಾಯಿಗೆ ಬಂದರೆ ಕಿವಿಗೂ ಬರುತ್ತದೆ.

ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನೀನೇ ಮೊದಲು ಫೋನ್ ಮಾಡಿದ್ದು. ಕನ್ನಡಕ್ಕೆ ಅದು ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ದೀಪಾ ಭಾಸ್ತಿ ಹನ್ನೆರಡು ಕತೆಗಳನ್ನು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಅನ್ನುವ ಪುಸ್ತಕ. ನೀನು ಇಂಗ್ಲಿಷಿನಲ್ಲಿ ಓದಿದೆ, ನಾನು ಕನ್ನಡದ ಮೂಲ ಕತೆಗಳನ್ನೇ ಹುಡುಕಿ ಓದಿದೆ. ಎಲ್ಲವೂ ಒಂದೇ ಎತ್ತರಕ್ಕೆ ಇಲ್ಲ, ಅದನ್ನು ಹೇಳಿಬಿಡುತ್ತೇನೆ. ಕೆಲವದರಲ್ಲಿ ಲೇಖಕಿ ಕತೆಯ ಮಧ್ಯೆ ಬಂದು ನಿಂತು ವಾದ ಮಾಡುತ್ತಾರೆ. ವಕೀಲಿ ಮಾಡಿದವರು, ಚಳವಳಿಯಲ್ಲಿ ಇದ್ದವರು, ಅದು ಬಿಟ್ಟುಹೋಗುವುದಿಲ್ಲ. ಆದರೆ 'ಎದೆಯ ಹಣತೆ' ಓದಿದ ಮೇಲೆ ಅಂಥದ್ದೆಲ್ಲ ಮಾಫಿ.

ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ ಅಂತ ಮೆಹರುನ್ ಕೂಸನ್ನು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮಾನ ಮರ್ಯಾದೆಯ ಮಾತಾಡಿ ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ದೊಡ್ಡ ಮಗಳು ಸಲ್ಮಾ, ಕೂಸನ್ನು ಎತ್ತಿಕೊಂಡು ಓಡಿಬಂದು. ಅಬ್ಬನಿಗೋಸ್ಕರ ಸಾಯೋಕೆ ತಯಾರಾದವಳು ನಮಗೋಸ್ಕರ ಬದುಕೋಕೆ ಆಗಲ್ವಾ ಅನ್ನುವ ಅರ್ಥದ ಮಾತು ಆ ಹುಡುಗಿಯ ಬಾಯಿಂದ ಬರುತ್ತದೆ. ಬೇಡ ಅಮ್ಮ, ಹೋಗಬೇಡ ಅಂತ ಬರೀ ಅತ್ತಿದ್ದರೆ ಅದು ಸಾಮಾನ್ಯ ಕತೆ ಆಗುತ್ತಿತ್ತು. ಅವಳು ಅಳುತ್ತಲೇ ನ್ಯಾಯ ಕೇಳುತ್ತಾಳೆ. ಗಂಡ ಹೋದ ಅನ್ನುವುದೊಂದೇ ಕಾರಣಕ್ಕೆ ನಮ್ಮನ್ನೆಲ್ಲ ಲೆಕ್ಕದಿಂದ ತೆಗೆದುಬಿಟ್ಟೆಯಾ ಅನ್ನುವ ನ್ಯಾಯ. ಅಪ್ಪ, ಅಣ್ಣ, ತಮ್ಮ ಯಾರಿಗೂ ಹೊಳೆಯದ ಮಾತು. ಇದನ್ನು ಓದಿದ ದಿನ ನಿನಗೆ ಏನೋ ಬರೆದು ಕಳಿಸಿ ಆಮೇಲೆ ಡಿಲೀಟ್ ಮಾಡಿದ್ದೆ. ಏನಮ್ಮ ಅದು ಅಂತ ಕೇಳಿದೆಯಲ್ಲ, ಇದೇ.

'ಕರಿನಾಗರಗಳು' ಕೂಡ ಓದು. ಕಾಯಿಲೆಯ ಮಗುವನ್ನು ಎತ್ತಿಕೊಂಡು ನ್ಯಾಯಕ್ಕೆ ಅಲೆಯುವ ಹೆಂಗಸು, ನ್ಯಾಯ ಮಾಡಬೇಕಾದ, ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಉದಾಸೀನ. ಕೊನೆಗೆ ಬೀದಿಯ ಹೆಂಗಸರೆಲ್ಲ ಅವನಿಗೆ ಶಾಪ ಹಾಕುತ್ತಾರೆ. ನನಗೆ ಇಷ್ಟವಾದದ್ದು ಅವನ ಹೆಂಡತಿ ಆಮಿನಾ. ದೊಡ್ಡ ಮಾತು ಆಡದೆ, ಇನ್ನು ಮಕ್ಕಳು ಸಾಕು ಅಂತ ಆಪರೇಶನ್ ಮಾಡಿಸಿಕೊಳ್ಳಲು ಹೊರಟುಬಿಡುತ್ತಾಳೆ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನಿನಗೆ ಬೋರು ಅಂದಿದ್ದೆ. ಅರ್ಧ ಒಪ್ಪುತ್ತೇನೆ. ಮಡಿ ಮೈಲಿಗೆಯ ವಿವರ ಜಾಸ್ತಿ. ಆದರೆ ನೀನು ಅರ್ಧಕ್ಕೇ ಬಿಟ್ಟಿದ್ದೀಯ, ನನಗೆ ಗೊತ್ತು. ಮುಂದೆ ದಾಕ್ಷಾಯಣಿ ಅಂತ ಒಬ್ಬ ಹುಡುಗಿ ಬರುತ್ತಾಳೆ. ಗಂಡ ಸತ್ತ ಮೇಲೆ ಕೂದಲು ತೆಗೆಸಿಕೊಳ್ಳುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಆಗ ಅವಳ ಪರವಾಗಿ ಮಾತಾಡುವವಳು, ಮೈ ನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ಬದುಕಿಡೀ ಮಡಿಯಲ್ಲಿ ಕಳೆದ ಫಣಿಯಮ್ಮ. ನಾನು ಅನುಭವಿಸಿದೆ, ನೀನೂ ಅನುಭವಿಸು ಅನ್ನುವುದು ಎಷ್ಟು ಸುಲಭವಿತ್ತು ಅಲ್ವಾ? ನನಗೆ ಗೊತ್ತಿರುವ ಬಹಳ ಹಿರಿಯರು ಅಷ್ಟೇ ಅಂದಿದ್ದಾರೆ. ಅಲ್ಲಿಂದ ಮತ್ತೆ ಶುರು ಮಾಡು.

ವೈದೇಹಿಯವರ 'ಅಕ್ಕು' ಬಗ್ಗೆ ನಮ್ಮ ಹಳೆಯ ಜಗಳ ಇದ್ದೇ ಇದೆ. ಗಂಡ ಬಿಟ್ಟುಹೋದವಳು ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಬಸುರಿ ಅಂತ ಹೇಳಿಕೊಂಡು ತಿರುಗುತ್ತಾಳೆ. ಅವಳಿಗೆ ಎಲ್ಲ ಗೊತ್ತು, ಬೇಕಂತಲೇ ನಾಟಕ ಆಡುತ್ತಾಳೆ ಅನ್ನುವುದು ನಿನ್ನ ವಾದ. ನನಗೆ ನಾಟಕ ಯಾವುದು, ನೋವು ಯಾವುದು ಅಂತ ಬಿಡಿಸುವ ಆಸೆಯೇ ಇಲ್ಲ. ವೈದೇಹಿಯೂ ಬಿಡಿಸಲು ಹೋಗುವುದಿಲ್ಲ. ಮನೆಯವರು ಅವಳನ್ನು ಅರ್ಧ ನಗುತ್ತಾ ಅರ್ಧ ಗದರುತ್ತಾ ಮಾತಾಡಿಸುವ ಧಾಟಿ ಇದೆಯಲ್ಲ, ಅದರಲ್ಲೇ ಕತೆ ಇರುವುದು.

ಅದಾದ ಮೇಲೆ ತ್ರಿವೇಣಿಯವರ 'ಶರಪಂಜರ'. ಸಿನಿಮಾ ಎಲ್ಲರಿಗೂ ಗೊತ್ತು, ಕಲ್ಪನಾ ಅಂದರೆ ಕಾವೇರಿ. ಪುಸ್ತಕದ ಕಾವೇರಿ ಅಷ್ಟು ಕೂಗುವುದಿಲ್ಲ, ಅದಕ್ಕೇ ಹೆಚ್ಚು ಹೆದರಿಕೆ ಆಗುತ್ತದೆ. ಬಾಣಂತನದ ಮೇಲೆ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದವಳು ಅವಳು. ಕಾಯಿಲೆ ಹೋಯಿತು, ನೋಡುವವರ ಕಣ್ಣಿನಿಂದ ಹೋಗಲಿಲ್ಲ. ಜೋರಾಗಿ ನಕ್ಕರೂ ತಪ್ಪು, ಸುಮ್ಮನೆ ಕೂತರೂ ತಪ್ಪು. ಬಾಣಂತಿಗೆ ಹೀಗಾಗಬಹುದು, ಅದು ಕಾಯಿಲೆ, ವಾಸಿಯಾಗುತ್ತದೆ ಅಂತ ಆ ಕಾಲದಲ್ಲಿ ಮನೆಮನೆಯ ಹೆಂಗಸರಿಗೆ ಅರ್ಥವಾಗುವ ಹಾಗೆ ಬರೆದರು. ಮನಶ್ಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ಹೋಗಿಬಿಟ್ಟರು. ಇನ್ನೊಂದು ಇಪ್ಪತ್ತು ವರ್ಷ ಇದ್ದಿದ್ದರೆ ಏನೇನು ಬರೆಯುತ್ತಿದ್ದರೋ. ತ್ರಿವೇಣಿ ಅಂದರೆ 'ಹೆಂಗಸರ ಕಾದಂಬರಿ' ಅಂತ ಮೂಗು ಮುರಿಯುವವರನ್ನು ಕಂಡರೆ ಈಗ ನನಗೆ ತಡೆಯಲು ಆಗುವುದಿಲ್ಲ. ಮೊನ್ನೆ ಒಂದು ಮದುವೆ ಮನೆಯಲ್ಲಿ ಒಬ್ಬರ ಜೊತೆ ವಾದಕ್ಕೇ ಇಳಿದೆ. ನಿಮ್ಮಪ್ಪ ಎಳೆದುಕೊಂಡು ಬಂದರು.

ಬರೀ ಹೆಂಗಸರ ಕಷ್ಟವನ್ನೇ ಓದಿದೆಯಾ ಅಂತ ಕೇಳಬೇಡ. 'ಕರ್ವಾಲೊ' ಮತ್ತೆ ಓದಿದೆ. ಮನಸ್ಸು ಭಾರವಾದಾಗ ತೇಜಸ್ವಿ ನನಗೆ ಔಷಧಿ. ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ಹಾರುವ ಓತಿ ಪ್ರಪಾತದಿಂದ ತೇಲಿಹೋಗುವ ಕೊನೆಯ ಭಾಗ ಎಷ್ಟನೇ ಸಲ ಓದಿದರೂ ಹೊಸದು. ಆದರೆ ಈ ಸಲ ಒಂದು ತಕರಾರು. ಅಷ್ಟು ಜನ ಕಾಡು ಸುತ್ತುತ್ತಾರೆ, ಒಬ್ಬಳೇ ಒಬ್ಬಳು ಹೆಂಗಸಿಗೆ ಮಾಡಲು ಕೆಲಸವಿಲ್ಲ. ಮಂದಣ್ಣನ ರಾಮಿ ಬಂದ ಹಾಗೇ ಮರೆಯಾಗುತ್ತಾಳೆ. ಈ ವರ್ಷದ ಓದಿನಿಂದ ಕಣ್ಣು ಕೆಟ್ಟಿದೆ, ಏನು ಮಾಡಲಿ.

ಕಾರಂತರ 'ಬೆಟ್ಟದ ಜೀವ' ಓದುವಾಗ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೆ. ಕಾಡಿನ ಅಂಚಿನಲ್ಲಿ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಶಂಕರಮ್ಮ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ದಾರಿ ತಪ್ಪಿ ಬಂದ ಅತಿಥಿಯನ್ನು ಇವತ್ತು ಬೇಡ ನಾಳೆ ಹೋಗಿ, ನಾಳೆ ಬೇಡ ನಾಡಿದ್ದು ಹೋಗಿ ಅಂತ ಉಳಿಸಿಕೊಳ್ಳುತ್ತಾರೆ. ಗೋಪಾಲಯ್ಯ ಬೆಟ್ಟದ ಕತೆ, ಹುಲಿಯ ಕತೆ ಹೇಳಿ ನಗಿಸುತ್ತಾರೆ, ಮಗನ ಮಾತು ಬಂದರೆ ತೇಲಿಸಿಬಿಡುತ್ತಾರೆ. ಶಂಕರಮ್ಮನಿಗೆ ಹಾಗೆ ತೇಲಿಸಲು ಬರುವುದಿಲ್ಲ. ಇದನ್ನು ಓದಿ ಮುಗಿಸಿದ ರಾತ್ರಿ ನಾನು ನಿನಗೆ ಫೋನ್ ಮಾಡಲಿಲ್ಲ. ಅದನ್ನು ದಯವಿಟ್ಟು ಗಮನಿಸಬೇಕು. ಶಂಭು ಹೋದದ್ದೇಕೆ ಅಂತ ಕಾರಂತರು ಪೂರ್ತಿ ಬಿಡಿಸಿ ಹೇಳದೇ ಇರುವುದೂ ನನಗೆ ಹಿಡಿಸಿತು. ಹೋಗುವವರಿಗೆ ಅವರವರ ಕಾರಣ ಇರುತ್ತದೆ.

ಕವಿತೆ ಈ ವರ್ಷ ಕಡಿಮೆ. 'ಮೈಸೂರು ಮಲ್ಲಿಗೆ' ಒಂದೇ. 1942ರ ಪುಸ್ತಕ, ಅರ್ಧಕ್ಕರ್ಧ ಹಾಡಾಗಿ ಬಾಯಿಗೇ ಬಂದಿದೆ, ಹಾಗಾಗಿ ಓದಲು ಹೋದರೆ ರಾಗ ಅಡ್ಡ ಬರುತ್ತದೆ. ರಾಗ ಮರೆತು ಓದಲು ಪ್ರಯತ್ನ ಮಾಡಿದೆ, ಆಗಲಿಲ್ಲ. ನಿಮ್ಮಪ್ಪ ಪಕ್ಕದ ಕೋಣೆಯಿಂದ ಹಾಡಿ ಕೆಡಿಸಿದರು.

ಚಿತ್ತಾಲರ 'ಶಿಕಾರಿ' ಅರ್ಧಕ್ಕೆ ನಿಂತಿದೆ. ಮುಂಬಯಿಯ ಕಂಪನಿ, ನಾಗಪ್ಪನ ಮೇಲೆ ಏನು ಅಂತಲೇ ಗೊತ್ತಾಗದ ಆಪಾದನೆ. ಪುಸ್ತಕ ಕೆಟ್ಟದ್ದಲ್ಲ, ತುಂಬ ಒಳ್ಳೆಯದು. ಆದರೆ ನಾಗಪ್ಪನ ತಲೆಯೊಳಗೆ ಕೂತು ಪುಟಗಟ್ಟಲೆ ಅವನ ಅನುಮಾನ ಕೇಳಬೇಕು. ರಾತ್ರಿ ಓದಿದರೆ ನನಗೂ ನಿದ್ದೆ ಬರುವುದಿಲ್ಲ. ಹಗಲು ಓದುವ ಪುಸ್ತಕ ಅಂತ ಪಕ್ಕಕ್ಕಿಟ್ಟಿದ್ದೇನೆ. ಆಫೀಸಿನಲ್ಲಿ ಈಗ ನೀನು ನೋಡುತ್ತಿರುವುದಕ್ಕೂ ಅದಕ್ಕೂ ಹತ್ತಿರ ಇರಬಹುದು, ನೀನು ಬೇಕಿದ್ದರೆ ಶುರುಮಾಡು.

ವಸುಧೇಂದ್ರರ 'ತೇಜೋ ತುಂಗಭದ್ರಾ' ಮಾತ್ರ ಊಟ ತಿಂಡಿ ಮರೆತು ಓದಿದೆ. ಲಿಸ್ಬನ್ನಿನ ನದಿ ಒಂದು, ವಿಜಯನಗರದ ನದಿ ಒಂದು. ಕತೆ ಓಡುತ್ತದೆ. ಸತಿ ಹೋಗುವುದನ್ನು ಬರೆದ ಭಾಗದಲ್ಲಿ ಮಾತ್ರ ಓಟ ನಿಲ್ಲುತ್ತದೆ, ನಿಲ್ಲಬೇಕಾದ್ದೇ.

ಇನ್ನು ಉಳಿದದ್ದು ನೀನೇ ಹಟ ಹಿಡಿದು ಓದಿಸಿದ 'ಘಾಚರ್ ಘೋಚರ್'. ಇಷ್ಟು ಚಿಕ್ಕ ಪುಸ್ತಕಕ್ಕೆ ಇಷ್ಟು ವಿಷ ತುಂಬಿಸಿದ್ದಾರಲ್ಲ ವಿವೇಕ ಶಾನಭಾಗ! ಮೊದಲು ಆ ಬಡ ಮನೆ, ಅಮ್ಮ ಇರುವೆಗಳ ಮೇಲೆ ಸಾರುವ ಯುದ್ಧ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ, ದುಡ್ಡು, ದೊಡ್ಡ ಮನೆ. ದುಡ್ಡು ಬಂದ ಮೇಲೆ ಮನೆಯವರೆಲ್ಲ ಚಿಕ್ಕಪ್ಪನ ಸುತ್ತ ಕಾವಲು ನಿಲ್ಲುತ್ತಾರೆ. ಒಂದು ದಿನ ಯಾರೋ ಹೆಂಗಸು ಅವನಿಗೆ ಇಷ್ಟ ಅಂತ ಬೇಳೆಯ ಸಾರು ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಓಡಿಸುವವರು ಆ ಮನೆಯ ಅಮ್ಮ ಮತ್ತು ಮಗಳು ಮಾಲತಿ. ಸಾರು ಬೀದಿಗೆ ಚೆಲ್ಲುತ್ತದೆ. ಗಂಡಸರು ಒಳಗೆ ತೆಪ್ಪಗೆ ಕೂತಿರುತ್ತಾರೆ. ಕೇಳುವವಳು ಸೊಸೆ ಅನಿತಾ ಒಬ್ಬಳೇ. ನಂಜಮ್ಮನ ಅತ್ತೆಗೆ ಬರೀ ಬಾಯಿ ಇತ್ತು. ಈ ಅತ್ತೆಗೆ ಬಾಯಿಯ ಜೊತೆ ದುಡ್ಡಿನ ಬಲವೂ ಇದೆ. ಈ ವರ್ಷ ಓದಿದ ಎಲ್ಲ ಮನೆಗಳಲ್ಲಿ ನನಗೆ ಹೆದರಿಕೆ ಆದದ್ದು ಈ ಮನೆಯಲ್ಲೇ. ಯಾಕೆ ಅಂದರೆ ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ.

ಅನಿತಾ ಬದುಕಿದ್ದಾಳೆ, ತವರಿನಿಂದ ಬರುವುದು ತಡವಾಗಿದೆ ಅಷ್ಟೇ ಅಂತ ನೀನು ವಾದಿಸಿದ್ದೆ. ನಾನು ಕೊನೆಯ ಭಾಗವನ್ನು ಎರಡೆರಡು ಸಲ ಓದಿದೆ. ಮನೆಮಂದಿ ಕೂತು ಕೊಲೆಯ ವಿಷಯವನ್ನು ಹರಟೆಯ ಹಾಗೆ ಮಾತಾಡುತ್ತಾರೆ. ಕತೆ ಹೇಳುವವನು, ಅನಿತಾಳ ಗಂಡ, ಅಲ್ಲಿ ಕೂರಲಾಗದೆ ಕಾಫಿ ಹೌಸಿಗೆ ಓಡಿಬರುತ್ತಾನೆ. ಕೈಯಲ್ಲಿ ಲೋಟ ಒಡೆಯುತ್ತದೆ, ಕೈಗೆ ರಕ್ತ ಅಂತ ಅಲ್ಲಿಯ ಮಾಣಿ ವಿನ್ಸೆಂಟ್ ಹೇಳುತ್ತಾನೆ. ಇಷ್ಟಾದ ಮೇಲೂ ಬದುಕಿದ್ದಾಳೆ ಅಂತೀಯಲ್ಲ, ಯಾವ ಸಾಲಿನಲ್ಲಿ ಸಿಕ್ಕಿತು ನಿನಗೆ? ಪುಸ್ತಕ ನಿನ್ನ ಹತ್ತಿರವೇ ಇದೆ. ಪುಟ ನೋಡಿ ಭಾನುವಾರ ಫೋನ್ ಮಾಡಿದಾಗ ಹೇಳು. ಜೊತೆಗೆ ನಿನ್ನ ಪಟ್ಟಿಯನ್ನೂ ಕಳಿಸು. ಅರ್ಧಕ್ಕೆ ಬಿಟ್ಟವನ್ನೂ ಬರೆ, ನಾನು ಬರೆದಿಲ್ಲವಾ?

ಇಂತಿ,
ಅಮ್ಮ